ಒಡೆತನ ಹೋಯಿತು, ಹಾಜರಿ ಬಂತು

ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಎಂದರೆ ಒಂದು ಬಡಾವಣೆ. ಗಂಗಾಧರ ನಗರದ ವಿಳಾಸದ ಜೊತೆ ಆ ಹೆಸರೂ ಸಹಜವಾಗಿ ಸೇರಿಕೊಳ್ಳುತ್ತದೆ. ಆಟೋದವರು ಮರುಪ್ರಶ್ನೆ ಕೇಳದೆ ಅಲ್ಲಿಗೆ ತಂದು ಬಿಡುತ್ತಾರೆ. ಗದಗ-ಬೆಟಗೇರಿಯಲ್ಲಿ, ಸೊಲ್ಲಾಪುರದಲ್ಲಿ ಕೂಡ ಇದೇ ಹೆಸರಿನ ವಸತಿಗಳಿವೆ. ಮುಂಬಯಿ ಪ್ರಾಂತದ ಸರಕಾರ ಕೆಲವು ಜಾತಿಗಳ ಜನರನ್ನು, ಅವರು ಆ ಜಾತಿಯಲ್ಲಿ ಹುಟ್ಟಿದರೆಂಬ ಒಂದೇ ಕಾರಣಕ್ಕೆ, ತಂದು ಕೂಡಿಹಾಕಿದ ಜಾಗಗಳಿವು. ಅಂಥವರಲ್ಲಿ ಎಷ್ಟೋ ಜನರ ಮೇಲೆ ಯಾವ ಖಟ್ಲೆಯೂ ಇರಲಿಲ್ಲ. ಯಾವ ಕೋರ್ಟೂ ಅವರಿಗೆ ಶಿಕ್ಷೆ ಕೊಟ್ಟಿರಲಿಲ್ಲ.

ಅಮೆರಿಕದ ಕರಿಯರನ್ನು ಬಿಳಿಯರಿಂದ ದೂರ ಇಟ್ಟ ಕಾನೂನುಗಳ ಕಥೆ ನಮಗೆ ಗೊತ್ತು. ಬಸ್ಸಿನಲ್ಲಿ ಹಿಂದಿನ ಸೀಟು, ಬೇರೆ ನಲ್ಲಿ, ಬೇರೆ ಶಾಲೆ, ಮಾರ್ಟಿನ್ ಲೂಥರ್ ಕಿಂಗ್ ಇವೆಲ್ಲ ಓದಿನಲ್ಲಿ ಬಂದು ಹೋಗಿವೆ. ಗುಲಾಮಗಿರಿ ರದ್ದಾದ ಮೇಲೆ ಅಂಥದೇ ಕಾನೂನುಗಳು ನಮ್ಮ ನಾಡಿನಲ್ಲೂ ಬಂದವು, ಅವುಗಳ ಒಂದು ಕೇಂದ್ರ ಹುಬ್ಬಳ್ಳಿಯಾಗಿತ್ತು ಎಂಬುದು ಓದಿನಲ್ಲಿ ಬರಲಿಲ್ಲ. ಮನುಷ್ಯನನ್ನು ಒಡವೆಯಂತೆ ಇಟ್ಟುಕೊಳ್ಳುವ ಹಕ್ಕನ್ನು ಕಾನೂನು ಒಂದು ಕೈಯಿಂದ ಕಿತ್ತುಕೊಂಡಿತು. ಇನ್ನೊಂದು ಕೈಯಿಂದ ಅವನ ಹುಟ್ಟನ್ನು, ಓಡಾಟವನ್ನು, ದುಡಿಮೆಯನ್ನು ಹಿಡಿಯಿತು. ಈ ಎರಡನೆಯ ಹಿಡಿತ ಹೇಗೆ ಬಂತು, ಹೇಗೆ ನಡೆಯಿತು, ಎಷ್ಟರಮಟ್ಟಿಗೆ ಸಡಿಲವಾಗಿದೆ ಎಂಬುದನ್ನು ನಮ್ಮ ಊರಿನ ಕಡೆಯಿಂದ ನೋಡಬೇಕಾಗಿದೆ.

ಭಾರತದಲ್ಲಿ ಗುಲಾಮಗಿರಿಗೆ ಕಾನೂನಿನ ಮನ್ನಣೆಯನ್ನು ತೆಗೆದದ್ದು 1843ರ ಐದನೆಯ ಕಾಯಿದೆ. ಗುಲಾಮನ ಮೇಲೆ ಒಡೆಯ ಹೂಡುವ ಹಕ್ಕಿನ ದಾವೆಯನ್ನು ಕೋರ್ಟುಗಳು ಕೇಳಬಾರದು ಎಂದಿತು ಅದು. 1860ರ ದಂಡಸಂಹಿತೆ ಮನುಷ್ಯರನ್ನು ಕೊಳ್ಳುವುದು, ಮಾರುವುದು ಅಪರಾಧ ಎಂದಿತು. ಅಮೆರಿಕದಲ್ಲಿ ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾದದ್ದು 1865ರಲ್ಲಿ. ಅದೇ ವರ್ಷ ಮಿಸಿಸಿಪಿ ರಾಜ್ಯ ಬಿಡುಗಡೆಯಾದ ಕರಿಯರಿಗೆಂದೇ ಬೇರೆ ಕಾನೂನು ಬರೆಯಿತು. ಪ್ರತಿ ಜನವರಿಯಲ್ಲಿ ತನಗೆ ಕೆಲಸ ಇದೆ ಎಂಬ ಲಿಖಿತ ಪುರಾವೆ ಅವರ ಕೈಯಲ್ಲಿರಬೇಕು. ಇಲ್ಲದವನು ‘ಅಲೆಮಾರಿ’, ಅವನಿಗೆ ದಂಡ. ದಂಡ ಕಟ್ಟಲಾಗದಿದ್ದರೆ ಅದನ್ನು ಕಟ್ಟಿದ ಬಿಳಿಯನ ಹೊಲದಲ್ಲಿ ದುಡಿಯಬೇಕು. ಮಾರಾಟ ನಿಂತಿತು, ದುಡಿಸಿಕೊಳ್ಳುವ ದಾರಿ ತೆರೆದೇ ಉಳಿಯಿತು. ಈ ಕಾನೂನಿನ ಗುರಿ ಅಲೆದಾಟ. ಆರೇ ವರ್ಷಗಳ ನಂತರ ಭಾರತದಲ್ಲಿ ಬಂದ ಕಾನೂನಿನ ಗುರಿಯೂ ಅದೇ.

1871ರ ಅಕ್ಟೋಬರಿನಲ್ಲಿ ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್ ಜಾರಿಯಾಯಿತು. ಕನ್ನಡದಲ್ಲಿ ಇದನ್ನು ಅಪರಾಧಿ ಬುಡಕಟ್ಟುಗಳ ಕಾಯಿದೆ ಎನ್ನುತ್ತೇವೆ. ಒಂದು ಇಡೀ ಸಮುದಾಯ ಕಳ್ಳತನ, ದರೋಡೆಗಳಿಗೆ ಅಂಟಿಕೊಂಡಿದೆ ಎಂದು ಸರಕಾರಕ್ಕೆ ಅನಿಸಿದರೆ ಅಧಿಸೂಚನೆ ಹೊರಡಿಸಬಹುದು, ಅಷ್ಟು ಸಾಕು. ಆ ಅಧಿಸೂಚನೆಯನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ. ಆಗ ಕಾನೂನು ಸದಸ್ಯನಾಗಿದ್ದವನು ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್. ಈ ನಾಡಿನಲ್ಲಿ ಬಡಿಗನ ಮಗ ಬಡಿಗ, ನೇಕಾರನ ಮಗ ನೇಕಾರ. ಹಾಗೆಯೇ ಕಳ್ಳನ ಮಗ ಕಳ್ಳ ಎಂಬುದು ಅವನ ಆಡಳಿತದ ವಾದ. ಜಾತಿ ಎಂದರೆ ಕಸುಬು ಎಂದು ನಂಬಿದ್ದ ಇಲ್ಲಿನ ಮೇಲ್ಜಾತಿಗಳಿಗೆ ಈ ಮಾತು ವಿಚಿತ್ರವಾಗಿ ಕೇಳಲಿಲ್ಲ. ಯುರೋಪಿನ ಜನಾಂಗ ಸಿದ್ಧಾಂತವೂ ನಮ್ಮ ಜಾತಿಯ ನಂಬಿಕೆಯೂ ಕೈಜೋಡಿಸಿದ್ದು ಇಲ್ಲಿ. ಈ ಕಾಯಿದೆಯನ್ನು ಕೇವಲ ಬ್ರಿಟಿಷರ ಪಾಪ ಎಂದು ಬರೆಯುವವರು ಅರ್ಧ ಚರಿತ್ರೆಯನ್ನು ಮಾತ್ರ ಬರೆಯುತ್ತಾರೆಂದು ನನಗೆ ತೋರುತ್ತದೆ.

ಮೊದಲು ಅದು ಉತ್ತರ ಭಾರತಕ್ಕೆ ಸೀಮಿತವಾಗಿತ್ತು. 1876ರಲ್ಲಿ ಬಂಗಾಳಕ್ಕೆ ಹಬ್ಬಿತು. 1911ರ ಹೊಸ ಕಾಯಿದೆ ಅದನ್ನು ಮುಂಬಯಿ, ಮದ್ರಾಸು ಪ್ರಾಂತಗಳಿಗೂ ತಂದಿತು, ಅಂದರೆ ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳಿಗೆ. ಅದಕ್ಕೆ ಬೇಕಾದ ಪಟ್ಟಿಗಳು ಮೊದಲೇ ತಯಾರಾಗಿದ್ದವು. 1884ರ ಧಾರವಾಡ ಜಿಲ್ಲೆಯ ಗ್ಯಾಝೆಟಿಯರ್ ಒಂದೊಂದು ಜಾತಿಯ ಮೈಬಣ್ಣ, ಎತ್ತರ, ಉಡುಪು, ಊಟ, ಸ್ವಭಾವಗಳನ್ನು ಬರೆದಿಟ್ಟಿತ್ತು. 1908ರಲ್ಲಿ ಮುಂಬಯಿ ಪ್ರಾಂತದ ಪೊಲೀಸ್ ಮುಖ್ಯಸ್ಥ ಮೈಕೆಲ್ ಕೆನಡಿ ಈ ಪ್ರಾಂತದ ‘ಅಪರಾಧಿ ವರ್ಗ’ಗಳ ಬಗ್ಗೆ ಒಂದು ಪುಸ್ತಕವನ್ನೇ ಪ್ರಕಟಿಸಿದ. ಯಾವ ಜನ ಹೇಗೆ ಕಾಣುತ್ತಾರೆ, ಯಾವ ವೇಷ ಹಾಕುತ್ತಾರೆ, ಅವರನ್ನು ಗುರುತು ಹಿಡಿಯುವುದು ಹೇಗೆ ಎಂದು ಫೌಜದಾರರಿಗೆ ಕಲಿಸುವ ಕೈಪಿಡಿ ಅದು. ಗಂಟಿಚೋರರು, ಛಪ್ಪರಬಂದರು, ಪಾರ್ಧಿಗಳು, ಹರಣಶಿಕಾರಿಗಳು, ಕೊರವರು, ಕಂಜರಭಾಟರು ಇಂಥ ಪಟ್ಟಿಗಳಲ್ಲಿ ಸೇರಿಹೋದರು.

ಈ ಜನ ಮೊದಲು ಏನು ಮಾಡಿಕೊಂಡಿದ್ದರು, ಅವರ ಮೇಲೆ ಈ ಸಂಶಯ ಎಲ್ಲಿಂದ ಬಂತು? ಈ ಪ್ರಶ್ನೆಗೆ ಇತಿಹಾಸಕಾರರ ಉತ್ತರ ಒಂದೇ ತೆರನಾಗಿಲ್ಲ. 1830ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಸ್ಲೀಮನ್ ನಡೆಸಿದ ಠಕ್ಕರ ಬೇಟೆಯಲ್ಲೇ ಈ ಕಾಯಿದೆಯ ಬೇರನ್ನು ಕೆಲವರು ಕಾಣುತ್ತಾರೆ. 1836ರಲ್ಲಿಯೇ, ಯಾರನ್ನಾದರೂ ಕೊಂದದ್ದು ಸಾಬೀತಾಗದಿದ್ದರೂ ಠಕ್ಕರ ಗುಂಪಿಗೆ ಸೇರಿದವನೆಂಬುದಷ್ಟರಿಂದಲೇ ಜೀವಾವಧಿ ಶಿಕ್ಷೆ ಕೊಡುವ ಕಾನೂನು ಬಂದಿತ್ತು. ಬ್ರಿಟಿಷರಿಗಿಂತ ಮೊದಲೇ ಊರಿನವರಿಗೆ ಅಲೆಮಾರಿಗಳ ಬಗ್ಗೆ ಸಂಶಯವಿತ್ತು ಎಂದು ತೋರಿಸುವವರಿದ್ದಾರೆ. ನನಗೆ ಹೆಚ್ಚು ಮನವರಿಕೆಯಾಗಿರುವುದು ಮೀನಾ ರಾಧಾಕೃಷ್ಣ ಅವರು ಮದ್ರಾಸು ಪ್ರಾಂತದ ಕೊರವರನ್ನು ಕುರಿತು ಮಾಡಿದ ಅಧ್ಯಯನ. ಕೊರವರು, ಕೊರಚರು ಕತ್ತೆ, ಎತ್ತುಗಳ ಮೇಲೆ ಕರಾವಳಿಯ ಉಪ್ಪನ್ನು ಒಳನಾಡಿಗೆ ಒಯ್ದು, ಒಳನಾಡಿನ ಧಾನ್ಯವನ್ನು ಹಿಂದಕ್ಕೆ ತರುತ್ತಿದ್ದವರು. ರಸ್ತೆ, ರೈಲು ಬಂದು ಸಾಗಾಟ ಅವರ ಕೈತಪ್ಪಿತು. ಸರಕಾರದ ಉಪ್ಪಿನ ನೀತಿ ವ್ಯಾಪಾರದ ಬುಡ ಕಿತ್ತಿತು. ಅರಣ್ಯ ಕಾನೂನುಗಳು ದನ ಮೇಯಿಸುವ ಜಾಗವನ್ನೂ ಬುಟ್ಟಿಯ ಬಿದಿರನ್ನೂ ಕಸಿದವು. ಲಂಬಾಣಿಗರ ಕಥೆಯೂ ಹೆಚ್ಚು ಬೇರೆಯಲ್ಲ. ಸೈನ್ಯಗಳಿಗೆ ಎತ್ತುಗಳ ಮೇಲೆ ದವಸ ಹೊತ್ತು ತಂದ ಆ ಜನರನ್ನು ಬ್ರಿಟಿಷ್ ಸೇನಾನಿ ವೆಲ್ಲೆಸ್ಲಿ ದಖ್ಖನಿನ ಯುದ್ಧಗಳಲ್ಲಿ ಬಳಸಿಕೊಂಡಿದ್ದ. ರೈಲು ಬಂದಮೇಲೆ ಅವರನ್ನು ಕೇಳುವವರಿಲ್ಲವಾದರು. ಕೆಲಸ ಹೋದ ಮೇಲೂ ಅಲೆದಾಟ ಉಳಿಯಿತು, ಅಲೆಯುವವನ ಕೈಯಲ್ಲಿ ಸರಕು ಇಲ್ಲದಿದ್ದರೆ ಪೊಲೀಸರ ಕಣ್ಣಿಗೆ ಅವನು ಕಳ್ಳನಾದ.

ಕೊರವಂಜಿಯನ್ನು ಕನ್ನಡದವರು ಎಷ್ಟು ಪ್ರೀತಿಸಿದ್ದೇವೆ! ಯಕ್ಷಗಾನದಲ್ಲಿ ಅವಳು ಬಂದು ಕಣಿ ಹೇಳುತ್ತಾಳೆ. ರಾಶಿಯವರು 1942ರಲ್ಲಿ ಶುರುಮಾಡಿದ ಹಾಸ್ಯ ಮಾಸಪತ್ರಿಕೆಗೆ ಅವಳದೇ ಹೆಸರು. ಅದೇ ಹೊತ್ತಿಗೆ ಅವಳ ಕುಲದ ಹೆಣ್ಣುಮಕ್ಕಳು ಮುಂಬಯಿ ಕರ್ನಾಟಕದಲ್ಲಿ ಪೊಲೀಸರ ರಿಜಿಸ್ಟರಿನ ನೆರಳಿನಲ್ಲಿ ಬದುಕುತ್ತಿದ್ದರು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ ಬರಹ ನಮ್ಮಲ್ಲಿ ಬಹಳ ಕಡಿಮೆ, ಮತ್ತು ಈ ಕೊರತೆ ನನಗೆ ನೋವು ಕೊಡುತ್ತದೆ.

1911ರ ಕಾಯಿದೆ ಕೆಲಸ ಮಾಡಿದ್ದು ಹೀಗೆ. ಅಧಿಸೂಚಿತ ಸಮುದಾಯದವರ ಹೆಸರುಗಳು ಜಿಲ್ಲೆಯ ರಿಜಿಸ್ಟರಿನಲ್ಲಿ ಸೇರುತ್ತಿದ್ದವು. ಬೆರಳಚ್ಚು ಕೊಡಬೇಕು. ಗೊತ್ತುಮಾಡಿದ ಹೊತ್ತಿಗೆ ಹಾಜರಿ ಹಾಕಬೇಕು. ವಾಸದ ಜಾಗ ಬದಲಿಸಿದರೆ, ಊರು ಬಿಟ್ಟರೆ ತಿಳಿಸಬೇಕು. ಚೀಟಿ ಇಲ್ಲದೆ ಗಡಿಯಾಚೆ ಸಿಕ್ಕವನು ಅದೊಂದಕ್ಕೇ ಅಪರಾಧಿ. ಪಟ್ಟಿಯಲ್ಲಿದ್ದ ಅಪರಾಧಗಳಿಗೆ ಎರಡನೆಯ ಸಲ ಶಿಕ್ಷೆಯಾದರೆ ಕನಿಷ್ಠ ಏಳು ವರ್ಷ ಸೆರೆ, ಮೂರನೆಯ ಸಲಕ್ಕೆ ಜೀವಾವಧಿ ಗಡೀಪಾರು. ಒಂದೇ ತಪ್ಪಿಗೆ ಬೇರೆ ಜಾತಿಯವನಿಗೆ ಇಷ್ಟು ಶಿಕ್ಷೆ ಇರಲಿಲ್ಲ. ಇಡೀ ಸಮುದಾಯವನ್ನು ಸೆಟ್ಲಮೆಂಟಿಗೆ ಸಾಗಿಸುವ, ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಇಡುವ ಅಧಿಕಾರ ಸರಕಾರಕ್ಕಿತ್ತು. 1924ರಲ್ಲಿ ಇವೆಲ್ಲವನ್ನೂ ಒಟ್ಟುಗೂಡಿಸಿ ಇನ್ನೊಂದು ಕಾಯಿದೆ ಮಾಡಿದರು.

ಬೆರಳಚ್ಚಿನ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. 1906ರಲ್ಲಿ ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲ್‌ನಲ್ಲಿ ಏಷ್ಯಾದವರೆಲ್ಲ ಹೆಸರು ನೋಂದಾಯಿಸಿ ಬೆರಳಚ್ಚು ಕೊಡಬೇಕೆಂಬ ಆಜ್ಞೆ ಬಂದಾಗ ಗಾಂಧೀಜಿ ಸೆಪ್ಟೆಂಬರ್ 11ರಂದು ಜೊಹಾನೆಸ್‌ಬರ್ಗಿನಲ್ಲಿ ಸಭೆ ಸೇರಿಸಿ ಪ್ರತಿಜ್ಞೆ ಮಾಡಿಸಿದರು. 1908ರ ಆಗಸ್ಟಿನಲ್ಲಿ ಭಾರತೀಯರು ನೋಂದಣಿ ಪತ್ರಗಳನ್ನು ರಾಶಿ ಹಾಕಿ ಸುಟ್ಟರು. ಸತ್ಯಾಗ್ರಹ ಹುಟ್ಟಿದ್ದೇ ಇಂಥ ಕಾನೂನಿನ ವಿರುದ್ಧ. ಮೂರು ವರ್ಷ ಕಳೆದು ಅದೇ ಅಧಿಕಾರವನ್ನು ಭಾರತದೊಳಗೆ ಕೊರವ, ಪಾರ್ಧಿ, ಗಂಟಿಚೋರರ ಮೇಲೆ ಹೇರಿದಾಗ ಅಂಥ ಕಿಚ್ಚು ಇಲ್ಲಿ ಹೊತ್ತಲಿಲ್ಲ. 1936ರಲ್ಲಿ ಜವಾಹರಲಾಲ ನೆಹರೂ ನೆಲ್ಲೂರಿನಲ್ಲಿ ಈ ಕಾಯಿದೆಯನ್ನು ಕಟುವಾಗಿ ಖಂಡಿಸಿ, ಯಾವ ಜನಾಂಗವನ್ನೂ ಇಡಿಯಾಗಿ ಅಪರಾಧಿ ಎನ್ನಲಾಗದು ಎಂದರು. ಕಾಯಿದೆ ದಕ್ಷಿಣಕ್ಕೆ ಬಂದು ಅಷ್ಟರಲ್ಲಿ ಕಾಲು ಶತಮಾನ ಕಳೆದಿತ್ತು.

ಮುಂಬಯಿ ಪ್ರಾಂತದ ಸೆಟ್ಲಮೆಂಟುಗಳ ಹಿಂದೆ ಇದ್ದ ಅಧಿಕಾರಿ ಓ. ಎಚ್. ಬಿ. ಸ್ಟಾರ್ಟೆ. ಬಿಜಾಪುರದಲ್ಲಿ ಪ್ರಯೋಗ ಶುರುಮಾಡಿ ಆಮೇಲೆ ಇಡೀ ಪ್ರಾಂತದ ಸೆಟ್ಲಮೆಂಟ್ ಅಧಿಕಾರಿಯಾದ. ಸೊಲ್ಲಾಪುರದ ಸೆಟ್ಲಮೆಂಟಿನ ಆಡಳಿತವನ್ನು 1917ರಲ್ಲಿ ಅಮೆರಿಕನ್ ಮರಾಠಿ ಮಿಶನ್‌ಗೆ ವಹಿಸಲಾಯಿತು. ಬೇರೆ ಪ್ರಾಂತಗಳಲ್ಲಿ ಸಾಲ್ವೇಶನ್ ಆರ್ಮಿ ಇಂಥ ವಸತಿಗಳನ್ನು ನಡೆಸಿತು. ಸೆಟ್ಲಮೆಂಟ್ ಇದ್ದ ಊರುಗಳ ಹೆಸರು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಸೊಲ್ಲಾಪುರ, ಗದಗ, ಹುಬ್ಬಳ್ಳಿ ಇವೆಲ್ಲ ಅರಳೆಯ, ಗಿರಣಿಯ, ರೈಲಿನ ಊರುಗಳು. ಹುಬ್ಬಳ್ಳಿಯಲ್ಲಿ ಸದರ್ನ್ ಮರಾಠಾ ರೈಲ್ವೆಯ ವರ್ಕಶಾಪ್ 1880ರ ದಶಕದಿಂದಲೇ ಇತ್ತು, ನೂಲಿನ ಗಿರಣಿಯೂ ಇತ್ತು. ಹಗಲು ಗಿರಣಿ, ವರ್ಕಶಾಪಿನ ದುಡಿಮೆ, ಸಂಜೆ ಹಾಜರಿ. ಉಪ್ಪಿನ ದಾರಿಯನ್ನು ಕಿತ್ತುಕೊಂಡ ರೈಲೇ ಅವರ ಕೂಲಿಯ ದಾರಿಯೂ ಆಯಿತು. ಸಂಬಳ ಕೊಡುತ್ತಿದ್ದರು ನಿಜ. ಕೆಲಸ ಬಿಟ್ಟು ಬೇರೆ ಊರಿಗೆ ಹೋಗುವ ಸ್ವಾತಂತ್ರ್ಯ ಇಲ್ಲದವನ ಸಂಬಳಕ್ಕೆ ಎಷ್ಟು ಬೆಲೆ ಎಂಬುದನ್ನು ಗಿರಣಿಯ ಮಾಲಕರು ಚೆನ್ನಾಗಿ ಬಲ್ಲವರಾಗಿದ್ದರು.

ಸೆಟ್ಲಮೆಂಟಿನ ಪರವಾದ ವಾದವನ್ನು ನಾನು ತಳ್ಳಿಹಾಕಲಾರೆ. ಸ್ಟಾರ್ಟೆ ತನ್ನ ಕೆಲಸವನ್ನು ಸುಧಾರಣೆ ಎಂದೇ ನಂಬಿದ್ದ. ಮಕ್ಕಳಿಗೆ ಶಾಲೆ ಕಡ್ಡಾಯವಾಗಿತ್ತು, ಸಹಕಾರಿ ಸಂಘಗಳಿದ್ದವು, ತಲೆಯ ಮೇಲೆ ಸೂರಿತ್ತು. ಊರಿನ ಶಾಲೆಯ ಹೊಸ್ತಿಲನ್ನೂ ತುಳಿಯಲಾಗದಿದ್ದ ಮಕ್ಕಳು ಅಲ್ಲಿ ಅಕ್ಷರ ಕಲಿತು ಮುಂದೆ ನೌಕರಿ ಹಿಡಿದದ್ದುಂಟು. ಆ ನೆನಪನ್ನು ಗೌರವಿಸಲೇಬೇಕು. ಆದರೆ ಸೂರು, ಶಾಲೆ, ಕೂಲಿ ಕೊಡುವುದಕ್ಕೆ ಬೆರಳಚ್ಚು ಯಾಕೆ, ತಂತಿಬೇಲಿ ಯಾಕೆ? ಜಾತಿಯನ್ನು ನೋಡಿ ಬಂಧಿಸದೆ ಇವನ್ನು ಕೊಡಬಹುದಿತ್ತು. ಕೆಲವರು ನಿಜವಾಗಿಯೂ ಕಳ್ಳತನದ ಮೇಲೆ ಬದುಕುತ್ತಿದ್ದರು ಎಂಬ ಪೊಲೀಸರ ಮಾತಿಗೂ ಇದೇ ಉತ್ತರ. ಕಳ್ಳನನ್ನು ಹಿಡಿಯಲು ದಂಡಸಂಹಿತೆ ಇತ್ತು. ತೊಟ್ಟಿಲ ಕೂಸನ್ನು ಕಳ್ಳನ ಪಟ್ಟಿಗೆ ಸೇರಿಸಲು ಮಾತ್ರ ಬೇರೆ ಕಾನೂನು ಬೇಕಾಯಿತು.

ಇದೇ ಸ್ಟಾರ್ಟೆಯ ಹೆಸರು ಇನ್ನೊಂದು ಕಡೆಯೂ ಸಿಗುತ್ತದೆ. 1928ರಲ್ಲಿ ಮುಂಬಯಿ ಸರಕಾರ ಅಸ್ಪೃಶ್ಯರು ಮತ್ತು ಬುಡಕಟ್ಟು ಜನರ ಸ್ಥಿತಿ ತಿಳಿಯಲು ನೇಮಿಸಿದ ಸಮಿತಿಗೆ ಅವನೇ ಅಧ್ಯಕ್ಷ. ಡಾ. ಅಂಬೇಡ್ಕರ್ ಮತ್ತು ಅ. ವಿ. ಠಕ್ಕರ್ ಅದರ ಸದಸ್ಯರು. 1930ರ ಆ ವರದಿಯ ವಿಂಗಡಣೆ ಇಂದಿನ ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ಪಟ್ಟಿಗಳಿಗೆ ದಾರಿಮಾಡಿದ ದಾಖಲೆಗಳಲ್ಲಿ ಒಂದು. ಜನರನ್ನು ಬೇಲಿಯೊಳಗೆ ಇಡಲು ಪಟ್ಟಿ ಮಾಡಿದ ಆಡಳಿತವೇ ಅವರಿಗೆ ನೆರವು ಕೊಡಲು ಮತ್ತೊಂದು ಪಟ್ಟಿ ಮಾಡಿತು. ಹಿಂದುಳಿದ ವರ್ಗಗಳ ಚರ್ಚೆಯಲ್ಲಿ ಇದನ್ನು ಯಾರೂ ನೆನೆಯುವುದಿಲ್ಲ.

ಅಮೆರಿಕದ ಜೊತೆ ಹೋಲಿಸುವಾಗ ಒಂದು ಎಚ್ಚರ ಬೇಕು. ಅಲ್ಲಿ ಪ್ರತ್ಯೇಕತೆಯನ್ನು ಕಾನೂನೇ ಬರೆಯಿತು. 1890ರಲ್ಲಿ ಲೂಯಿಸಿಯಾನ ರೈಲಿನಲ್ಲಿ ಬೇರೆ ಡಬ್ಬಿಗಳ ಕಾನೂನು ಮಾಡಿತು. ಅದನ್ನು ಪ್ರಶ್ನಿಸಲೆಂದೇ 1892ರಲ್ಲಿ ಬಿಳಿಯರ ಡಬ್ಬಿಯಲ್ಲಿ ಕುಳಿತ ಹೋಮರ್ ಪ್ಲೆಸ್ಸಿ 1896ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತ. ಬೇರೆ ಇಟ್ಟರೂ ಸಮಾನವಾಗಿದ್ದರೆ ಸಾಕು ಎಂಬ ಆ ತೀರ್ಪು ಶಾಲೆಗಳ ಮಟ್ಟಿಗೆ ಬಿದ್ದದ್ದು 1954ರಲ್ಲಿ. ನಮ್ಮಲ್ಲಿ ಹೊಲಗೇರಿಯನ್ನು ಊರ ಹೊರಗೆ ಇಟ್ಟದ್ದು ರೂಢಿ, ಯಾವ ಶಾಸನಸಭೆಯೂ ಅಲ್ಲ. 1923ರಲ್ಲಿ ಎಸ್. ಕೆ. ಬೋಲೆಯವರ ಠರಾವು ಮುಂಬಯಿ ಶಾಸನಸಭೆಯಲ್ಲಿ ಪಾಸಾಗಿ ಸರಕಾರಿ ಬಾವಿ, ಶಾಲೆ, ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆದವು ಎಂದು ಕಾಗದದಲ್ಲಿ ಬಂತು, ಊರುಗಳಲ್ಲಿ ಬರಲಿಲ್ಲ. ಅಮೆರಿಕದಲ್ಲಿ ಕಾನೂನನ್ನು ರದ್ದು ಮಾಡಬೇಕಿತ್ತು. ಇಲ್ಲಿ ರೂಢಿಯ ಮೇಲೆ ಕಾನೂನು ತರಬೇಕಿತ್ತು. ಅಪರಾಧಿ ಬುಡಕಟ್ಟುಗಳ ಕಾಯಿದೆ ಇದಕ್ಕೆ ಅಪವಾದ. ಇಲ್ಲಿ ಪ್ರತ್ಯೇಕತೆಯನ್ನು ಸರಕಾರವೇ ಮಸಿಯಲ್ಲಿ ಬರೆದು ಸಹಿ ಹಾಕಿತು. ಹಾಗಾಗಿ ಅಮೆರಿಕದ ಪ್ರತ್ಯೇಕತೆಯ ಕಾನೂನುಗಳ ಜಿಮ್ ಕ್ರೋ ಕಾಲಕ್ಕೆ, ಕರಿಯರ ಓಡಾಟವನ್ನು ಕಟ್ಟಿಹಾಕಿದ ದಕ್ಷಿಣ ಆಫ್ರಿಕದ ಪಾಸುಗಳಿಗೆ ಇದು ಅಸ್ಪೃಶ್ಯತೆಗಿಂತಲೂ ಹತ್ತಿರದ ಹೋಲಿಕೆ.

ನಿಜವಾಗಿ ಗುಲಾಮರಾಗಿ ಬಂದವರ ಮಕ್ಕಳು ಧಾರವಾಡಕ್ಕೆ ದೂರದವರಲ್ಲ. ಪೋರ್ಚುಗೀಸರು ಪೂರ್ವ ಆಫ್ರಿಕದಿಂದ ಗೋವೆಗೆ ತಂದವರು ತಪ್ಪಿಸಿಕೊಂಡೋ ಬಿಡುಗಡೆಯಾಗಿಯೋ ಘಟ್ಟದ ಕಾಡು ಸೇರಿದರು. ಇಂದು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಕಲಘಟಗಿ, ಖಾನಾಪುರದ ಕಡೆ ಇರುವ ಸಿದ್ದಿಗಳು ಅವರ ಪೀಳಿಗೆ. ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಧರ್ಮದವರು ಅವರಲ್ಲಿದ್ದಾರೆ. ಸಿದ್ದಿಗಳಿಗೆಂದು ಪ್ರತ್ಯೇಕತೆಯ ಕಾನೂನು ಯಾರೂ ಬರೆಯಲಿಲ್ಲ; ಕಾಡಿನ ಮೇಲೆ ಬಂದ ಕಾನೂನೇ ಅವರನ್ನು ತಾವು ಉಳುತ್ತಿದ್ದ ನೆಲದಲ್ಲಿ ಅತಿಕ್ರಮಣಕಾರರನ್ನಾಗಿ ಮಾಡಿತು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಜಿಲ್ಲೆಯ ಗಡಿ ದಾಟಿದರೆ ಅದೇ ಮನೆತನದವರಿಗೆ ಆ ಸೌಲಭ್ಯ ಇರಲಿಲ್ಲ. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳು ಪಟ್ಟಿ ಸೇರಲು 2020ರವರೆಗೆ ಕಾಯಬೇಕಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡು ಆ ಸಮುದಾಯದ ಮೊದಲ ಶಾಸಕರಾದರು.

ಮುಂಬಯಿ ಪ್ರಾಂತ 1949ರಲ್ಲಿ ಕಾಯಿದೆಯನ್ನು ರದ್ದುಮಾಡಿತು. ಅನಂತಶಯನಂ ಅಯ್ಯಂಗಾರ್ ಸಮಿತಿಯ ವರದಿಯ ನಂತರ 1952ರ ಆಗಸ್ಟ್ 31ರಂದು ದೇಶದಲ್ಲೆಲ್ಲ ಅದು ಕೊನೆಗೊಂಡಿತು. ಆಗಸ್ಟ್ 31 ಇಂದಿಗೂ ಆ ಪಟ್ಟಿಯಿಂದ ಬಿಡುಗಡೆಯಾದವರ, ಅಂದರೆ ವಿಮುಕ್ತರ ದಿನ. ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ ಬಂದ ಅವರ ಸ್ವಾತಂತ್ರ್ಯ. ಆದರೆ ಜಾತಿಯ ಹೆಸರು ತೆಗೆದು ‘ರೂಢಿಗತ ಅಪರಾಧಿ’ ಎಂಬ ಹೆಸರಿಟ್ಟು ಹೊಸ ಕಾನೂನುಗಳು ಬಂದವು. ನಮ್ಮ ರಾಜ್ಯದ್ದು 1961ರದು. ಹೆಸರು ನೋಂದಾಯಿಸುವುದು, ಓಡಾಟ ತಿಳಿಸುವುದು ಮೊದಲಾದ ಹಳೆಯ ಉಪಾಯಗಳು ಈಗ ವ್ಯಕ್ತಿಯ ಮೇಲೆ. ಕಾಗದದ ಮೇಲೆ ಇದು ದೊಡ್ಡ ವ್ಯತ್ಯಾಸ. ಯಾರ ಹೆಸರನ್ನು ಮೊದಲು ಬರೆಯಬೇಕೆಂಬ ಠಾಣೆಯ ರೂಢಿ ಮಾತ್ರ ಕಾಗದದಷ್ಟು ಬೇಗ ಬದಲಾಗುವುದಿಲ್ಲ. 1998ರಲ್ಲಿ ಪಶ್ಚಿಮ ಬಂಗಾಳದಲ್ಲಿ ವಿಮುಕ್ತ ಸಮುದಾಯದ ಬುಧನ್ ಸಬರ್ ಎಂಬ ಯುವಕ ಪೊಲೀಸರ ವಶದಲ್ಲಿ ಸತ್ತ. ಮಹಾಶ್ವೇತಾ ದೇವಿ, ಗಣೇಶ ದೇವಿ ಮತ್ತು ‘ಉಚಲ್ಯಾ’ ಬರೆದ ಲಕ್ಷ್ಮಣ ಗಾಯಕವಾಡ ಸೇರಿ ವಿಮುಕ್ತರ ಹಕ್ಕಿನ ಚಳವಳಿಯನ್ನು ಕಟ್ಟಿದ್ದು ಆ ವರ್ಷವೇ. ಧಾರವಾಡದಲ್ಲಿ ಸಂಶೋಧಕ ಕಲಬುರ್ಗಿಯವರ ಹತ್ಯೆಯಾದ ಮರುವರ್ಷ, 2016ರಲ್ಲಿ, ಗಣೇಶ ದೇವಿಯವರು ಧಾರವಾಡಕ್ಕೇ ಬಂದು ನೆಲೆಸಿದರು.

2024ರ ಅಕ್ಟೋಬರ್ 3ರಂದು ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಕೊಟ್ಟ ತೀರ್ಪನ್ನು ಹುಬ್ಬಳ್ಳಿಯವರು ವಿಶೇಷವಾಗಿ ಓದಬೇಕು. ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ, ವಿಮುಕ್ತ ಸಮುದಾಯದವರನ್ನು ಹುಟ್ಟು ಅಪರಾಧಿಗಳಂತೆ ಕಾಣುವ ಜೈಲು ಕೈಪಿಡಿಗಳ ನಿಯಮಗಳು ಸಂವಿಧಾನಬಾಹಿರ ಎಂದಿತು ಅದು. ಮೂಲ ಕಾಯಿದೆ ಸತ್ತು 72 ವರ್ಷಗಳ ನಂತರವೂ ಅದರ ಭಾಷೆ ಸರಕಾರಿ ಪುಸ್ತಕಗಳಲ್ಲಿ ಉಸಿರಾಡುತ್ತಿತ್ತು.

ಪಟ್ಟಿಗಳ ಗೊಂದಲವೂ ಮುಗಿದಿಲ್ಲ. ಒಂದೇ ಕಾಯಿದೆಯ ಕೆಳಗೆ ನೊಂದವರು ಇಂದು ಕರ್ನಾಟಕದಲ್ಲಿ ಹಂಚಿಹೋಗಿದ್ದಾರೆ. ಕೊರಮ-ಕೊರವರು, ಗಂಟಿಚೋರರು ಪರಿಶಿಷ್ಟ ಜಾತಿ. ಪಾರ್ಧಿ, ಹರಣಶಿಕಾರಿಗಳು ಪರಿಶಿಷ್ಟ ಪಂಗಡ. ಛಪ್ಪರಬಂದರು ಹಿಂದುಳಿದ ವರ್ಗ. ಗಂಟಿಚೋರರ ಮಗುವಿನ ಜಾತಿ ಪ್ರಮಾಣಪತ್ರದಲ್ಲಿ ಕಳ್ಳತನದ ಆರೋಪ ಸರಕಾರದ ಮುದ್ರೆಯ ಸಮೇತ ಬರುತ್ತದೆ. ಅದನ್ನು ಶಾಲೆಯ ಮೇಜಿನ ಮೇಲೆ ಇಡಬೇಕಾದದ್ದು ಆ ಮಗುವೇ. ವಿಮುಕ್ತ, ಅಲೆಮಾರಿ ಸಮುದಾಯಗಳ ಸ್ಥಿತಿ ತಿಳಿಯಲು ಕೇಂದ್ರ ಸರಕಾರ ನೇಮಿಸಿದ ರೆಂಕೆ ಆಯೋಗ 2008ರಲ್ಲಿ, ಇದಾತೆ ಆಯೋಗ ಅದರ ಒಂದು ದಶಕದ ನಂತರ ವರದಿ ಕೊಟ್ಟವು. ಈ ಸಮುದಾಯಗಳ ನಿಖರ ಎಣಿಕೆಯೇ ಆಗಿಲ್ಲ ಎಂಬುದು ಎರಡರಲ್ಲೂ ಕೇಳಿಬಂದ ದೂರು. ಒಂದು ಕಾಲದಲ್ಲಿ ಬೆರಳಚ್ಚಿನ ಸಮೇತ ಒಬ್ಬೊಬ್ಬರನ್ನೂ ಎಣಿಸಿದ್ದ ಜನರ ಬಗ್ಗೆ ಈ ಮಾತು.

2025ರ ಆಗಸ್ಟಿನಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ಪರಿಶಿಷ್ಟ ಜಾತಿಗಳ ಒಳಮೀಸಲಾತಿಯಲ್ಲಿ 59 ಅತಿಸಣ್ಣ, ಅಲೆಮಾರಿ ಸಮುದಾಯಗಳಿಗೆ ಶೇಕಡಾ 1ರಷ್ಟು ಪ್ರತ್ಯೇಕ ಪಾಲು ಸೂಚಿಸಿತು. ಸರಕಾರ ಅದನ್ನು ಬಿಟ್ಟು ಅವರನ್ನು ಲಂಬಾಣಿ, ಭೋವಿ, ಕೊರಮ, ಕೊರಚರ ಗುಂಪಿನಲ್ಲಿ ಶೇಕಡಾ 5ರೊಳಗೆ ಸೇರಿಸಿತು. ಲಂಬಾಣಿ, ಕೊರಮರ ಇತಿಹಾಸವೂ ನೋವಿನದೇ; ಆದರೆ ಅವರಿಗೆ ಇಂದು ಸಂಘಟನೆಯಿದೆ, ಶಾಸಕರಿದ್ದಾರೆ. ವಿಧಾನಸೌಧದಲ್ಲಿ ಒಬ್ಬನೂ ತಮ್ಮವನಿಲ್ಲದ ಸಮುದಾಯಗಳು ಅವರೊಡನೆ ಅದೇ ಐದರಲ್ಲಿ ಸ್ಪರ್ಧಿಸಬೇಕು. ಅಲೆಮಾರಿಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕುಳಿತು ಕೇಳಿದ್ದು ಆ ಒಂದು ಶೇಕಡಾವನ್ನು. ಆಯೋಗ ಲೆಕ್ಕ ಹಾಕಿ ಕೊಟ್ಟದ್ದನ್ನು ಸರಕಾರ ಹಿಂದಿರುಗಿಸಬೇಕು, 1961ರ ‘ರೂಢಿಗತ ಅಪರಾಧಿ’ ಕಾಯಿದೆಯನ್ನು ವಿಧಾನಸಭೆ ರದ್ದುಮಾಡಬೇಕು, ಸೆಟ್ಲಮೆಂಟಿನ ಹಳೆಯ ರಿಜಿಸ್ಟರುಗಳು ಎಲ್ಲೆಲ್ಲಿ ಉಳಿದಿವೆಯೋ ಅಲ್ಲಿಂದ ತೆಗೆದು ಆ ಕುಟುಂಬಗಳಿಗೂ ಸಂಶೋಧಕರಿಗೂ ಓದಲು ಕೊಡಬೇಕು. ಧಾರವಾಡದ ವಿಶ್ವವಿದ್ಯಾಲಯಕ್ಕೆ ಇದು ದೂರದ ಕೆಲಸವಲ್ಲ. ಗಂಗಾಧರ ನಗರ ಅಲ್ಲಿಂದ ಸಿಟಿ ಬಸ್ಸಿನ ದಾರಿಯಲ್ಲಿದೆ.